ಹಿಂದಿನ ಪಾಠ ಹೇಳಿಕೊಡುವವರು ಯಾರು?

ಮೇ ತಿಂಗಳ ಕೊನೆಯಿಂದ ಜುಲೈವರೆಗೆ ನನಗೆ ನೆಂಟರಿಷ್ಟರಿಂದ ಬರುವ ಕರೆಗಳಲ್ಲಿ ಹೆಚ್ಚಿನವು ಒಂದೇ ವಿಷಯದವು. ಮಗನೋ ಮಗಳೋ ಎಂಟನೆಯ ಅಥವಾ ಒಂಬತ್ತನೆಯ ತರಗತಿಯಲ್ಲಿರುತ್ತದೆ, ಗಣಿತದಲ್ಲಿ ಅಥವಾ ವಿಜ್ಞಾನದಲ್ಲಿ ಪಾಸಿನ ಗೆರೆ ಮುಟ್ಟುವುದೇ ಕಷ್ಟವಾಗಿರುತ್ತದೆ, ಶಾಲೆಯ ಪೋಷಕರ ಸಭೆಯಲ್ಲಿ ‘ಮನೆಯಲ್ಲಿ ಸ್ವಲ್ಪ ಗಮನ ಕೊಡಿ’ ಎಂದು ಹೇಳಿ ಕಳಿಸಿರುತ್ತಾರೆ. ಯಾವ ಟ್ಯೂಷನ್‌ಗೆ ಹಾಕಿದರೆ ಒಳ್ಳೆಯದು ಎಂಬುದು ಪ್ರಶ್ನೆ. ಬಿ.ಎಸ್ಸಿ. ಮುಗಿಸಿ ಬ್ಯಾಂಕ್ ಪರೀಕ್ಷೆಗೆ ಓದಿಕೊಳ್ಳುತ್ತಿದ್ದ ಕಾಲದಲ್ಲಿ ದಾವಣಗೆರೆಯ ಒಂದು ಟ್ಯೂಷನ್ ಕೇಂದ್ರದಲ್ಲಿ ಸಂಜೆ ಹೊತ್ತು ಗಣಿತ ಹೇಳಿಕೊಟ್ಟಿದ್ದೆ ಎಂಬುದೊಂದೇ ಈ ವಿಷಯದಲ್ಲಿ ನನಗಿರುವ ಅರ್ಹತೆ. ಆದರೂ ಕೇಳುವವರು ಕೇಳುತ್ತಾರೆ, ನಾನೂ ಏನೋ ಒಂದು ಹೇಳುತ್ತೇನೆ, ಫೋನ್ ಇಟ್ಟ ಮೇಲೆ ಹೇಳಿದ್ದು ಸರಿಯೇ ಎಂಬ ಅನುಮಾನ ಮಾತ್ರ ಬಿಡುವುದಿಲ್ಲ.

ಅನುಮಾನಕ್ಕೆ ಕಾರಣವಿದೆ. ‘ಯಾವ ಟ್ಯೂಷನ್’ ಎಂದು ಕೇಳುವವರು ‘ಟ್ಯೂಷನ್ ಬೇಕೇ’ ಎಂಬ ಪ್ರಶ್ನೆಯನ್ನು ಆಗಲೇ ದಾಟಿ ಬಂದಿರುತ್ತಾರೆ. ಅದು ಅವರೊಬ್ಬರ ಸ್ವಭಾವವಲ್ಲ. ಕೇಂದ್ರ ಸರ್ಕಾರದ 2025ರ ಶಿಕ್ಷಣ ಸಮೀಕ್ಷೆಯ ಪ್ರಕಾರ ದೇಶದ ಶಾಲಾ ಮಕ್ಕಳಲ್ಲಿ ಶೇ. 27ರಷ್ಟು ಮಂದಿ ಆ ವರ್ಷ ಖಾಸಗಿ ಪಾಠಕ್ಕೆ ಹೋಗಿದ್ದರು; ಹಳ್ಳಿಗಳಲ್ಲೂ ಈ ಪ್ರಮಾಣ ಶೇ. 25ನ್ನು ದಾಟಿತ್ತು. ಬಿಹಾರ, ಪಶ್ಚಿಮ ಬಂಗಾಳಗಳ ಹಳ್ಳಿಗಳಲ್ಲಿ ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚು ಮಕ್ಕಳು ಟ್ಯೂಷನ್‌ಗೆ ಹೋಗುತ್ತಾರೆ ಎಂದು ಹಳ್ಳಿಯ ಮಕ್ಕಳ ಕಲಿಕೆಯನ್ನು ಅಳೆಯುವ ‘ಅಸರ್’ ಸಮೀಕ್ಷೆಯ 2022ರ ವರದಿ ಹೇಳಿತ್ತು. ನಮ್ಮಲ್ಲಿ ಪರಿಸ್ಥಿತಿ ಅಲ್ಲಿಗೆ ಮುಟ್ಟಿಲ್ಲ. ಆದರೆ ಪಕ್ಕದ ಮನೆಯ ಮಗು ಹೋಗುತ್ತಿರುವಾಗ, ಅದೂ ಚೆನ್ನಾಗಿ ಓದುವ ಮಗುವೇ ಹೋಗುತ್ತಿರುವಾಗ, ಓದಿನಲ್ಲಿ ಹಿಂದಿರುವ ನಮ್ಮ ಮಗುವನ್ನು ಕಳಿಸದೆ ಇರುವುದು ತಂದೆತಾಯಿಗೆ ಕರ್ತವ್ಯಲೋಪದಂತೆ ಕಾಣುತ್ತದೆ. ಹಣ ಕಟ್ಟಿದ ದಿನವೇ ಅರ್ಧ ನೆಮ್ಮದಿ ಸಿಗುವುದು ಇದಕ್ಕೇ. ಆ ನೆಮ್ಮದಿ ತಂದೆತಾಯಿಯದು. ಮಗುವಿಗೆ ಏನು ಸಿಕ್ಕಿತು ಎಂಬುದನ್ನು ಬೇರೆಯಾಗಿಯೇ ನೋಡಬೇಕಾಗುತ್ತದೆ.

ಫ್ಲೆಕ್ಸ್‌ನಲ್ಲಿ ಇಲ್ಲದ ಮಕ್ಕಳು

ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ವಾರದಲ್ಲಿ ಯಾವ ಜಿಲ್ಲಾ ಕೇಂದ್ರದ ಮುಖ್ಯ ರಸ್ತೆಯಲ್ಲಿ ನಡೆದರೂ ಟ್ಯೂಷನ್ ಕೇಂದ್ರಗಳ ಫ್ಲೆಕ್ಸ್‌ಗಳು ಎದುರಾಗುತ್ತವೆ. 625ಕ್ಕೆ 619, 617, 612. ಪಕ್ಕದಲ್ಲಿ ಸಮವಸ್ತ್ರದಲ್ಲಿ ನಗುವ ಮುಖಗಳು. ಅವುಗಳಲ್ಲಿ ಸುಳ್ಳಿರುವುದಿಲ್ಲ, ಆ ಮಕ್ಕಳು ಅಲ್ಲಿ ಪಾಠಕ್ಕೆ ಬಂದಿದ್ದು ನಿಜ, ಅಷ್ಟು ಅಂಕ ಬಂದದ್ದೂ ನಿಜ. ಆದರೆ ಅಲ್ಲಿಗೆ ಬರುವ ಮೊದಲು ಆ ಮಗು ಎಷ್ಟು ತೆಗೆಯುತ್ತಿತ್ತು ಎಂಬುದನ್ನು ಯಾವ ಫ್ಲೆಕ್ಸೂ ಹೇಳುವುದಿಲ್ಲ. ನಾನಿದ್ದ ಕೇಂದ್ರದಲ್ಲಿ ಒಂಬತ್ತನೆಯ ತರಗತಿಯ ಅಂಕಪಟ್ಟಿ ನೋಡಿಯೇ ಬ್ಯಾಚ್ ವಿಂಗಡಿಸುತ್ತಿದ್ದರು. ಮೊದಲ ಬ್ಯಾಚ್‌ಗೆ ಕೇಂದ್ರದ ಮಾಲೀಕರೇ ಪಾಠ ಮಾಡುತ್ತಿದ್ದರು. ಅನುಭವದಲ್ಲಿ ಎಲ್ಲರಿಗಿಂತ ಕಿರಿಯಳಾದ ನನಗೆ ಸಿಕ್ಕಿದ್ದು ಕೊನೆಯ ಬ್ಯಾಚ್. ಶುಲ್ಕ ಎರಡಕ್ಕೂ ಒಂದೇ. ಅತಿ ಹೆಚ್ಚು ನೆರವು ಬೇಕಾದ ಮಕ್ಕಳಿಗೆ ಅತಿ ಕಡಿಮೆ ಅನುಭವದ ಶಿಕ್ಷಕರು ಎಂಬ ಈ ಏರ್ಪಾಟನ್ನು ಆಗ ಯಾರೂ ವಿಚಿತ್ರವೆಂದು ಭಾವಿಸಲಿಲ್ಲ, ಏಕೆಂದರೆ ವ್ಯಾಪಾರದ ದೃಷ್ಟಿಯಿಂದ ಅದು ಸರಿಯಾಗಿಯೇ ಇತ್ತು. 600 ತೆಗೆಯುವ ಮಗು 615 ತೆಗೆದರೆ ಮುಂದಿನ ವರ್ಷಕ್ಕೆ ಪ್ರವೇಶಗಳು ತಾವಾಗಿಯೇ ಬರುತ್ತವೆ. ಗಣಿತದಲ್ಲಿ 14 ತೆಗೆಯುತ್ತಿದ್ದ ಹುಡುಗ 39 ತೆಗೆದರೆ ಅದು ಅದಕ್ಕಿಂತ ದೊಡ್ಡ ಕೆಲಸ, ಆದರೆ ಆ ಹುಡುಗನ ಭಾವಚಿತ್ರವನ್ನು ರಸ್ತೆಯಲ್ಲಿ ಹಾಕಲು ಅವನ ಮನೆಯವರೇ ಒಪ್ಪಲಾರರು.

ಹೀಗಾಗಿ ಹಿಂದುಳಿದ ಮಗುವಿನ ತಂದೆತಾಯಿ ಫ್ಲೆಕ್ಸ್ ನೋಡಿ ಕೇಂದ್ರವನ್ನು ಆರಿಸುವಾಗ ತಮಗೆ ಸಂಬಂಧಪಡದ ಸಾಕ್ಷ್ಯವನ್ನು ನೋಡಿ ತೀರ್ಮಾನ ಮಾಡುತ್ತಿರುತ್ತಾರೆ. ಅವರಿಗೆ ಬೇಕಾದ ಸಾಕ್ಷ್ಯ ಆ ಊರಿನಲ್ಲಿ ಎಲ್ಲೂ ಅಚ್ಚಾಗಿರುವುದಿಲ್ಲ.

ಮೈನಸ್ ನಾಲ್ಕರ ವರ್ಗ

ಆ ಕೊನೆಯ ಬ್ಯಾಚ್‌ನ ಒಂದು ಸಂಜೆ ನನಗೆ ಇನ್ನೂ ಸ್ಪಷ್ಟವಾಗಿದೆ. ಅಂಗಡಿಸಾಲಿನ ಮೇಲಿನ ಮಹಡಿ, ತಗಡಿನ ಚಾವಣಿ, ಒಂದು ಬೆಂಚಿಗೆ ನಾಲ್ವರು. ಮೂರು ಬೇರೆ ಬೇರೆ ಶಾಲೆಗಳ ಮಕ್ಕಳು, ಮೂರೂ ಶಾಲೆಗಳಲ್ಲಿ ಮೂರು ಬೇರೆ ಅಧ್ಯಾಯಗಳು ನಡೆಯುತ್ತಿದ್ದವು. ಅಂದು ವರ್ಗಸಮೀಕರಣಗಳನ್ನು ಸೂತ್ರದಿಂದ ಬಿಡಿಸುವ ಪಾಠ. ನಾನು ಕಪ್ಪುಹಲಗೆಯ ಮೇಲೆ ಎರಡು ಲೆಕ್ಕ ಬಿಡಿಸಿ, ಮೂರನೆಯದನ್ನು ಅವರಿಗೆ ಕೊಟ್ಟೆ: x² – 4x – 5 = 0. ಕಿಟಕಿಯ ಪಕ್ಕದ ಹುಡುಗನೊಬ್ಬನ ನೋಟ್‌ಪುಸ್ತಕ ಇಡೀ ಬ್ಯಾಚ್‌ನಲ್ಲೇ ಅಚ್ಚುಕಟ್ಟಾದುದು. ಅಂಚಿಗೆ ಗೆರೆ, ಸೂತ್ರಕ್ಕೆ ಕೆಂಪು ಚೌಕ, ತಾರೀಖು. ಶಾಲೆಯಲ್ಲಿ ಅವನಿಗೆ ಬರುತ್ತಿದ್ದ ಅಂಕ ಮಾತ್ರ ಒಂದಂಕಿಯದು. ಅವನ ಪಕ್ಕ ಕೂತು, ಅವನು ಲೆಕ್ಕ ಮಾಡುವುದನ್ನು ಮೊದಲಿನಿಂದ ಕೊನೆಯವರೆಗೆ ಮಾತಾಡದೆ ನೋಡಿದೆ.

ಸೂತ್ರವನ್ನು ಒಂದಕ್ಷರ ತಪ್ಪಿಲ್ಲದೆ ಬರೆದ: x = (–b ± √(b² – 4ac)) / 2a. a = 1, b = –4, c = –5 ಎಂದೂ ಸರಿಯಾಗಿ ಗುರುತಿಸಿದ. ಅಲ್ಲಿಂದ ಮುಂದೆ –b ಬರಬೇಕಾದಲ್ಲಿ –4 ಎಂದೇ ಬರೆದ. ಮೈನಸ್ ನಾಲ್ಕರ ವರ್ಗ –16 ಎಂದ. –4ac ಬಿಡಿಸಿ –20 ಎಂದ. ಎರಡನ್ನೂ ಸೇರಿಸಿ –36, ಅದರ ವರ್ಗಮೂಲ –6. ಸೂತ್ರದಲ್ಲಿರುವ ಪ್ಲಸ್‌ನಿಂದ ಒಮ್ಮೆ, ಮೈನಸ್‌ನಿಂದ ಒಮ್ಮೆ ಮಾಡಿದಾಗ ಎರಡು ಬಾರಿಯೂ ಅವನಿಗೆ –5 ಬಂತು. ಪುಸ್ತಕದ ಹಿಂದಿನ ಪುಟದಲ್ಲಿ ಉತ್ತರ 5 ಮತ್ತು –1 ಎಂದಿತ್ತು. ಹುಡುಗ ಅದನ್ನು ನೋಡಿ, ‘ಐದು ಬಂದೈತಲ್ಲ ಮಿಸ್, ಮೈನಸ್ ಒಂದ್ ಜಾಸ್ತಿ ಆಗೇತಿ ಅಷ್ಟೆ’ ಎಂದ. ಬೆಂಚಿನಲ್ಲಿದ್ದವರೆಲ್ಲ ನಕ್ಕರು, ಅವನೂ ನಕ್ಕ.

ಅವನ ತಪ್ಪುಗಳೆಲ್ಲ ಹೆಚ್ಚು ಕಡಿಮೆ ಒಂದೇ ಬೇರಿನವು: ಮೈನಸ್ಸನ್ನು ಮೈನಸ್‌ನಿಂದ ಗುಣಿಸಿದರೆ ಏನಾಗುತ್ತದೆ ಎಂಬುದು ಅವನಿಗೆ ಗೊತ್ತಿರಲಿಲ್ಲ. ಅದು ಹತ್ತನೆಯ ತರಗತಿಯ ಪಾಠವಲ್ಲ. ಪೂರ್ಣಾಂಕಗಳ ಗುಣಾಕಾರ ಏಳನೆಯ ತರಗತಿಯ ಮೊದಲ ಭಾಗದಲ್ಲಿ ಬಂದು ಹೋಗಿರುತ್ತದೆ. ಆಗ ಅವನು ಶಾಲೆಗೆ ಬಂದಿರಲಿಲ್ಲವೋ, ಬಂದರೂ ಹಿಂದಿನ ಬೆಂಚಿನಲ್ಲಿ ಗಮನಕ್ಕೆ ಬಾರದೆ ಉಳಿದನೋ, ಅಂತೂ ತಪ್ಪಿಹೋಗಿತ್ತು. ಆಮೇಲಿನ ಮೂರು ವರ್ಷ ಶಾಲೆಯಲ್ಲಿ ಬೀಜಗಣಿತದ ಪ್ರತಿಯೊಂದು ಅಧ್ಯಾಯವನ್ನೂ ಅವನು ಕೇಳಿಸಿಕೊಂಡ, ಬರೆದುಕೊಂಡ, ಕಲಿಯಲಿಲ್ಲ. ಈಗ ಟ್ಯೂಷನ್‌ನಲ್ಲಿ ಅದೇ ಅಧ್ಯಾಯವನ್ನು ಎರಡನೆಯ ಬಾರಿ ಕೇಳಿಸಿಕೊಳ್ಳುತ್ತಿದ್ದ. ಅವನ ತಂದೆ ಅಕ್ಕಿ ಗಿರಣಿಯಲ್ಲಿ ಕೆಲಸ ಮಾಡಿ ಕಟ್ಟುತ್ತಿದ್ದ ಶುಲ್ಕದಿಂದ ಅವನಿಗೆ ದೊರೆಯುತ್ತಿದ್ದದ್ದು ಅರ್ಥವಾಗದ ಪಾಠದ ಎರಡನೆಯ ಪ್ರದರ್ಶನ.

ಬ್ಯಾಚ್ ಮುಗಿದ ಮೇಲೆ ಅವನನ್ನೂ ಇನ್ನಿಬ್ಬರನ್ನೂ ಕೂರಿಸಿಕೊಂಡು ಸಂಖ್ಯಾರೇಖೆ ಎಳೆದು, ಸಾಲ ಮತ್ತು ಸಾಲ ಮನ್ನಾ ಎಂದು ಲೆಕ್ಕ ಹೇಳತೊಡಗಿದೆ. ಕೆಲವು ಸಂಜೆ ನಡೆಯಿತು. ನಂತರ ಮುಂದಿನ ಬ್ಯಾಚ್‌ಗೆ ಕೋಣೆ ಬೇಕೆಂದು ಕೇಂದ್ರದ ವ್ಯವಸ್ಥಾಪಕರು ಹೇಳಿದರು. ‘ಪೋರ್ಷನ್ ಎಲ್ಲಿಗೆ ಬಂತು ಮೇಡಂ? ಪೇರೆಂಟ್ಸು ಕೇಳ್ತಾರೆ’ ಎಂಬುದು ಅವರ ಇನ್ನೊಂದು ಮಾತು. ಅದನ್ನು ನಾನು ಅವರ ತಪ್ಪು ಎನ್ನಲಾರೆ. ಪೋಷಕರು ನಿಜವಾಗಿಯೂ ಕೇಳುತ್ತಿದ್ದುದು ಅದನ್ನೇ. ಹತ್ತನೆಯ ತರಗತಿಯ ಮಗುವಿಗೆ ಏಳನೆಯ ತರಗತಿಯ ಲೆಕ್ಕ ಹೇಳಿಕೊಡುತ್ತಿದ್ದಾರೆ ಎಂದು ಗೊತ್ತಾದರೆ ಕೊಟ್ಟ ಹಣಕ್ಕೆ ಮೋಸವಾಯಿತೆಂದು ಜಗಳಕ್ಕೆ ಬರುವವರೂ ಇದ್ದರು. ಕಲಿಕೆಯಲ್ಲಿ ಹಿಂದಿರುವ ಮಗುವಿನ ಮಟ್ಟಿಗೆ ಟ್ಯೂಷನ್ ಉದ್ಯಮದ ಮೂಲ ತೊಡಕು ನನ್ನ ದೃಷ್ಟಿಯಲ್ಲಿ ಇದೇ: ಆ ಮಗುವಿಗೆ ಬೇಕಾದದ್ದು ಹಿಂದಿನ ಪಾಠ, ಆದರೆ ಮಾರಾಟವಾಗುವುದು ಮುಂದಿನ ಪಾಠ. ಶಾಲೆಗಿಂತ ಒಂದು ಅಧ್ಯಾಯ ಮುಂದಿರುವುದೇ ಒಳ್ಳೆಯ ಟ್ಯೂಷನ್ನಿನ ಲಕ್ಷಣ ಎಂದು ನಾವೆಲ್ಲ ನಂಬಿದ್ದೇವೆ.

ಕಲಿತರೂ ಅಂಕಪಟ್ಟಿಯಲ್ಲಿ ಕಾಣದಿದ್ದರೆ

ಹಾಗಾದರೆ ಹೆಚ್ಚುವರಿ ಪಾಠದಿಂದ ಹಿಂದುಳಿದ ಮಕ್ಕಳಿಗೆ ಪ್ರಯೋಜನವೇ ಇಲ್ಲವೇ? ಇದೆ, ಚೆನ್ನಾಗಿಯೇ ಇದೆ ಎಂಬುದಕ್ಕೆ ನಮ್ಮ ದೇಶದ್ದೇ ಪುರಾವೆಗಳಿವೆ. ‘ಪ್ರಥಮ್’ ಎಂಬ ಸ್ವಯಂಸೇವಾ ಸಂಸ್ಥೆ ಮುಂಬೈ ಮತ್ತು ವಡೋದರಾದ ಸರ್ಕಾರಿ ಶಾಲೆಗಳಲ್ಲಿ ‘ಬಾಲಸಖಿ’ ಎಂಬ ಕಾರ್ಯಕ್ರಮ ನಡೆಸಿತ್ತು. ಮೂರು ಮತ್ತು ನಾಲ್ಕನೆಯ ತರಗತಿಯಲ್ಲಿ ಹಿಂದೆ ಬಿದ್ದ ಹದಿನೈದಿಪ್ಪತ್ತು ಮಕ್ಕಳನ್ನು ದಿನಕ್ಕೆ ಸುಮಾರು ಎರಡು ಗಂಟೆ ಬೇರೆಯಾಗಿ ಕೂರಿಸಿ, ಓದು ಮತ್ತು ಲೆಕ್ಕದ ಮೂಲಪಾಠಗಳನ್ನು ಹೇಳಿಕೊಡುವುದು. ಹೇಳಿಕೊಡುವವರು ಅದೇ ಬಡಾವಣೆಯ, ಶಾಲಾ ಶಿಕ್ಷಣ ಮುಗಿಸಿದ ಯುವತಿಯರು, ಅವರಿಗೆ ಬಿ.ಇಡಿ. ಪದವಿ ಇರಲಿಲ್ಲ, ಸಂಬಳವೂ ಅತ್ಯಲ್ಪ. ಮುಂದೆ 2019ರಲ್ಲಿ ನೊಬೆಲ್ ಪಡೆದ ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡಫ್ಲೊ ತಮ್ಮ ಸಹೋದ್ಯೋಗಿಗಳೊಂದಿಗೆ ಇದನ್ನು ಅಳೆದು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಲಿಕೆ ಗಮನಾರ್ಹವಾಗಿ ಏರಿದೆ, ಹೆಚ್ಚಿನ ಲಾಭ ತರಗತಿಯ ಕೆಳತುದಿಯ ಮಕ್ಕಳಿಗೇ ಆಗಿದೆ ಎಂದು ಕಂಡುಬಂತು. ದೊಡ್ಡ ಪದವಿಯ ಶಿಕ್ಷಕರು, ಹವಾನಿಯಂತ್ರಿತ ಕೋಣೆ, ಮುದ್ರಿತ ಪ್ಯಾಕೇಜು ಯಾವುದೂ ಅಲ್ಲಿರಲಿಲ್ಲ. ಚಿಕ್ಕ ಗುಂಪು ಮತ್ತು ಮಗು ನಿಂತಿರುವ ಜಾಗದಿಂದಲೇ ಆರಂಭಿಸುವ ಪಾಠ, ಇವೆರಡಿದ್ದವು.

ದೆಹಲಿಯ ಅಧ್ಯಯನವೊಂದು ನನ್ನ ಪ್ರಶ್ನೆಗೆ ಇನ್ನೂ ಹತ್ತಿರದ್ದು. ಅರ್ಥಶಾಸ್ತ್ರಜ್ಞ ಕಾರ್ತಿಕ್ ಮುರಳೀಧರನ್ ಮತ್ತು ಸಂಗಡಿಗರು ಅಲ್ಲಿನ ಸರ್ಕಾರಿ ಮಾಧ್ಯಮಿಕ ಶಾಲೆಗಳ ಮಕ್ಕಳನ್ನು ಶಾಲೆಯ ನಂತರ ಒಂದೂವರೆ ಗಂಟೆಯ ‘ಮೈಂಡ್‌ಸ್ಪಾರ್ಕ್’ ಕೇಂದ್ರಗಳಿಗೆ ಕಳಿಸಿ ನೋಡಿದರು. ಅರ್ಧ ಹೊತ್ತು ಮಗುವಿನ ಮಟ್ಟಕ್ಕೆ ತಕ್ಕಂತೆ ಪ್ರಶ್ನೆ ಬದಲಿಸುವ ಕಂಪ್ಯೂಟರ್, ಇನ್ನರ್ಧ ಹೊತ್ತು ಚಿಕ್ಕ ಗುಂಪಿನ ಪಾಠ. ಆರನೆಯ ತರಗತಿಯ ಸರಾಸರಿ ಮಗು ಗಣಿತದಲ್ಲಿ ಸುಮಾರು ಎರಡೂವರೆ ತರಗತಿಯಷ್ಟು ಹಿಂದಿದೆ ಎಂಬುದು ಅವರಿಗೆ ಮೊದಲೇ ಗೊತ್ತಾಯಿತು. ನಾಲ್ಕೂವರೆ ತಿಂಗಳಲ್ಲಿ ಗಣಿತವೂ ಹಿಂದಿಯೂ ಗಣನೀಯವಾಗಿ ಸುಧಾರಿಸಿದವು. ಆದರೆ ಅದೇ ಮಕ್ಕಳ ಶಾಲಾ ಪರೀಕ್ಷೆಯ ಅಂಕಗಳನ್ನು ನೋಡಿದಾಗ ಹಿಂದಿಯಲ್ಲಿ ಏರಿಕೆ ಕಂಡಿತು, ಗಣಿತದಲ್ಲಿ ಹೇಳಿಕೊಳ್ಳುವಂಥದ್ದೇನೂ ಕಾಣಲಿಲ್ಲ. ಆಶ್ಚರ್ಯವೇನಿಲ್ಲ. ಮೂರನೆಯ ತರಗತಿಯ ಮಟ್ಟದಿಂದ ನಾಲ್ಕನೆಯ ತರಗತಿಯ ಮಟ್ಟಕ್ಕೆ ಏರಿದ ಮಗುವಿಗೆ ಆರನೆಯ ತರಗತಿಯ ಪ್ರಶ್ನೆಪತ್ರಿಕೆ ಇನ್ನೂ ಎಟುಕುವುದಿಲ್ಲ.

ಇದನ್ನು ಓದಿದಾಗಿನಿಂದ, ಕರೆ ಮಾಡುವ ಪೋಷಕರಿಗೆ ನಾನು ಮೊದಲು ಹೇಳುವುದು ಈ ಸಂಗತಿಯನ್ನೇ. ನಿಜವಾಗಿ ಕಲಿಸುವ ಟ್ಯೂಷನ್ ಮೊದಲ ಕಿರುಪರೀಕ್ಷೆಯಲ್ಲಿ ಅಂಕ ತೋರಿಸದೆ ಇರಬಹುದು. ಮೊದಲ ಕಿರುಪರೀಕ್ಷೆಯಲ್ಲೇ ಅಂಕ ತೋರಿಸುವ ಟ್ಯೂಷನ್ ಏನನ್ನೂ ಕಲಿಸದೆಯೂ ಇರಬಹುದು. ಕೇಳುವವರಿಗೆ ಇದು ರುಚಿಸುವುದಿಲ್ಲ. ಎರಡು ತಿಂಗಳಲ್ಲಿ ಅಂಕ ಏರದಿದ್ದರೆ ಕೇಂದ್ರ ಬದಲಿಸುವುದು ನಮ್ಮಲ್ಲಿ ರೂಢಿ, ಹಾಗೆ ಬದಲಿಸುತ್ತ ಹೋಗುವ ಮಗು ಪ್ರತಿ ಹೊಸ ಕೇಂದ್ರದಲ್ಲೂ ನಡೆಯುತ್ತಿರುವ ಅಧ್ಯಾಯದ ಮಧ್ಯಕ್ಕೆ ಹೋಗಿ ಕೂರುತ್ತದೆ.

ದುಡ್ಡು ಕೊಟ್ಟು ಕೊಳ್ಳುವುದು ಏನನ್ನು?

ಇಷ್ಟೆಲ್ಲ ಹೇಳಿದ ಮೇಲೂ, ಪಾಠ ಅಷ್ಟಕ್ಕಷ್ಟೇ ಇರುವ ಕೇಂದ್ರಗಳಿಗೆ ಮಕ್ಕಳನ್ನು ಕಳಿಸುವ ತಂದೆತಾಯಿಯರನ್ನು ತಿಳಿವಳಿಕೆ ಇಲ್ಲದವರೆಂದು ತಳ್ಳಿಹಾಕಲು ನಾನು ಸಿದ್ಧಳಿಲ್ಲ. ಅನೇಕ ಮನೆಗಳು ಟ್ಯೂಷನ್ನಿನಿಂದ ಕೊಳ್ಳುವುದು ಪಾಠವನ್ನಲ್ಲ. ಸಂಜೆ ಐದರಿಂದ ಏಳರವರೆಗೆ ಟಿವಿ ಇಲ್ಲದ, ಮೊಬೈಲ್ ಇಲ್ಲದ, ಕೂರಲು ಬೆಂಚಿರುವ ಒಂದು ಜಾಗ. ಹೋಂವರ್ಕ್ ಮುಗಿಯಿತೇ ಎಂದು ಕೇಳುವ ಒಬ್ಬರು ದೊಡ್ಡವರು. ತಾಯಿ ಕೆಲಸದಿಂದ ಬರುವವರೆಗೆ ಮಗು ಎಲ್ಲಿದೆ ಎಂಬ ಚಿಂತೆಯಿಂದ ಬಿಡುಗಡೆ. ಒಂದೇ ಕೋಣೆಯ ಮನೆಯಲ್ಲಿ ಐದು ಜನರಿರುವಾಗ ಈ ಜಾಗಕ್ಕೆ ಬೆಲೆಯಿದೆ. ಅದನ್ನು ಕೊಳ್ಳುತ್ತಿದ್ದೇವೆ ಎಂಬ ಅರಿವಿದ್ದರೆ ಸಾಕು. ಆಗ ಬೆಲೆಯನ್ನೂ ಅದಕ್ಕೆ ತಕ್ಕಂತೆ ಚೌಕಾಸಿ ಮಾಡಬಹುದು, ಅದರಿಂದ ಗಣಿತ ಬರಬೇಕೆಂದು ಮಗುವನ್ನು ಬೈಯುವುದನ್ನೂ ಬಿಡಬಹುದು.

ಇಂಗ್ಲಿಷ್ ಮಾಧ್ಯಮದ ವಿಷಯ ಇದಕ್ಕಿಂತ ಗಂಭೀರವಾದದ್ದು. ಕನ್ನಡ ಮಾಧ್ಯಮದಲ್ಲಿ ಏಳನೆಯ ತರಗತಿವರೆಗೆ ಓದಿದ ತಾಯಿ, ಮಗ ನಾಲ್ಕನೆಯ ತರಗತಿಗೆ ಬರುವ ಹೊತ್ತಿಗೆ ಅವನ ಪರಿಸರ ಅಧ್ಯಯನದ ಪುಸ್ತಕವನ್ನು ಓದಲಾರದವಳಾಗುತ್ತಾಳೆ. ಅವಳಿಗೆ ಭಾಗಾಕಾರ ಗೊತ್ತು, ಸಂತೆಯಲ್ಲಿ ಬಾಯಿಲೆಕ್ಕದಲ್ಲಿ ಯಾರಿಗೂ ಸೋಲುವುದಿಲ್ಲ. ಆದರೆ ಪ್ರಶ್ನೆಯನ್ನೇ ಓದಲಾಗದಿದ್ದರೆ ಸಹಾಯ ಮಾಡುವುದೆಲ್ಲಿಂದ? ಇಂಥ ಮನೆಗಳಲ್ಲಿ ಟ್ಯೂಷನ್ ಶಿಕ್ಷಕಿ ಮಾಡುವ ಮುಖ್ಯ ಕೆಲಸ ಪ್ರಶ್ನೆಯನ್ನು ಕನ್ನಡದಲ್ಲಿ ಹೇಳುವುದು. ನಾನು ಪಾಠ ಮಾಡುತ್ತಿದ್ದಾಗ, ಲೆಕ್ಕದ ವಾಕ್ಯವನ್ನು ಕನ್ನಡಕ್ಕೆ ತಿರುಗಿಸಿದ ತಕ್ಷಣ ‘ಓ, ಇಷ್ಟೇನಾ?’ ಎಂದು ಮಾಡಿ ಮುಗಿಸುತ್ತಿದ್ದ ಮಕ್ಕಳು ಕಡಿಮೆ ಇರಲಿಲ್ಲ. ಅವರು ಗಣಿತದಲ್ಲಿ ಹಿಂದಿದ್ದವರೇ ಅಲ್ಲ. ಶಾಲೆಯ ಆಯ್ಕೆಯಲ್ಲಿ ಹುಟ್ಟಿದ ಒಂದು ಕೊರತೆಯನ್ನು ತಿಂಗಳು ತಿಂಗಳೂ ಶುಲ್ಕ ಕಟ್ಟಿ ತುಂಬಿಸುತ್ತಿದ್ದೇವೆ ಎಂದು ಆ ಮನೆಗಳಿಗೆ ಯಾರೂ ಹೇಳಿರುವುದಿಲ್ಲ. ಹೇಳಿದರೂ ಇವತ್ತು ಅವರು ಕನ್ನಡ ಮಾಧ್ಯಮಕ್ಕೆ ಮರಳಲಾರರು ಎಂಬುದೂ ನನಗೆ ಗೊತ್ತು.

ಇನ್ನು ಕೆಲವು ಮಕ್ಕಳ ಕಷ್ಟ ಟ್ಯೂಷನ್ನಿನ ವ್ಯಾಪ್ತಿಯದ್ದೇ ಅಲ್ಲ. ಮಾತಿನಲ್ಲಿ ಚುರುಕಾಗಿರುವ ಮಗು ವರ್ಷಗಟ್ಟಲೆ ಕಲಿಸಿದರೂ ಅಕ್ಷರಗಳನ್ನು ಅದಲು ಬದಲು ಮಾಡುತ್ತಿದ್ದರೆ, ಓದುವಾಗ ಸಾಲು ತಪ್ಪುತ್ತಿದ್ದರೆ, ಅಂಕಿಗಳ ಸ್ಥಾನಬೆಲೆ ಕೈಗೆ ಹತ್ತದೇ ಇದ್ದರೆ, ಅದು ಕಲಿಕಾ ನ್ಯೂನತೆ ಇರಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದನ್ನು ಪಟ್ಟಿಯಲ್ಲಿ ಸೇರಿಸಿದೆ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯದಂತಹ ರಿಯಾಯಿತಿಗಳೂ ಇವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲೂ ತಪಾಸಣೆ ಮಾಡುತ್ತಾರೆ. ಆದರೆ ‘ಇನ್ನೊಂದು ವರ್ಷ ಒಳ್ಳೆಯ ಟ್ಯೂಷನ್‌ಗೆ ಹಾಕಿ ನೋಡೋಣ’ ಎನ್ನುತ್ತ ಹತ್ತನೆಯ ತರಗತಿಯವರೆಗೆ ತಳ್ಳಿಕೊಂಡು ಬರುವವರೇ ಹೆಚ್ಚು. ಅಲ್ಲಿ ಟ್ಯೂಷನ್ ವ್ಯರ್ಥವಾಗುವುದಷ್ಟೇ ಅಲ್ಲ, ತಪಾಸಣೆಯನ್ನು ತಡಮಾಡಿ ಹಾನಿಯನ್ನೂ ಮಾಡುತ್ತದೆ.

ಪಾಸಿಂಗ್ ಪ್ಯಾಕೇಜ್

ಹತ್ತನೆಯ ತರಗತಿಯ ಜನವರಿ ಬಂದ ಮೇಲೆ ಈ ಚರ್ಚೆಯ ಸ್ವರೂಪವೇ ಬದಲಾಗುತ್ತದೆ. ಆಗ ಏಳನೆಯ ತರಗತಿಗೆ ಹಿಂದಿರುಗಲು ಸಮಯವಿರುವುದಿಲ್ಲ. ಶಾಲೆಗಳಲ್ಲೂ ಕೇಂದ್ರಗಳಲ್ಲೂ ‘ಪಾಸಿಂಗ್ ಪ್ಯಾಕೇಜ್’ ಆರಂಭವಾಗುತ್ತದೆ: ಪ್ರಶ್ನೆಪತ್ರಿಕೆಯ ನೀಲನಕ್ಷೆ ನೋಡಿ, ಖಚಿತವಾಗಿ ಬರುವ ಪ್ರಶ್ನೆಗಳನ್ನು ಆರಿಸಿ, ಅಷ್ಟನ್ನೇ ಮತ್ತೆ ಮತ್ತೆ ಮಾಡಿಸುವುದು. ಎರಡು ಸಮೀಕರಣಗಳನ್ನು ನಕ್ಷೆಯಲ್ಲಿ ಬಿಡಿಸುವುದು, ಥೇಲ್ಸ್‌ನ ಪ್ರಮೇಯ, ಸರಾಸರಿ, ಮಧ್ಯಾಂಕ, ಬಹುಲಕದ ಕೋಷ್ಟಕ, ಸಮಾಂತರ ಶ್ರೇಢಿಯ ಸೂತ್ರಕ್ಕೆ ನೇರವಾಗಿ ಬೆಲೆ ಹಾಕುವ ಲೆಕ್ಕ. ಎಂಬತ್ತರಲ್ಲಿ ಇಪ್ಪತ್ತೆಂಟು ಎಂಬುದು ಬಹುಕಾಲ ಎಲ್ಲ ಶಿಕ್ಷಕರ ಕೋಣೆಗಳಲ್ಲೂ ಕೇಳಿಬರುತ್ತಿದ್ದ ಮಂತ್ರ. ಇದು ಶಿಕ್ಷಣವಲ್ಲ ಎಂದು ಮೂಗು ಮುರಿಯುವುದು ಸುಲಭ. ಆದರೆ ಎಸ್‌ಎಸ್‌ಎಲ್‌ಸಿ ಪಾಸು ಎಂಬ ಒಂದು ಸಾಲು ಐಟಿಐಗೂ ಡಿಪ್ಲೊಮಾಗೂ ಪಿಯುಸಿಗೂ ಬಾಗಿಲಾಗಿರುವ ನಾಡಿನಲ್ಲಿ, ಹೆಣ್ಣುಮಕ್ಕಳ ಪಾಲಿಗೆ ಕೆಲವೊಮ್ಮೆ ಮದುವೆಯನ್ನು ಮುಂದೂಡುವ ನೆಪವೂ ಆಗಿರುವ ನಾಡಿನಲ್ಲಿ, ಆ ಇಪ್ಪತ್ತೆಂಟನ್ನು ಕೊಡಿಸುವ ಎರಡು ತಿಂಗಳ ತರಬೇತಿಯನ್ನು ನಾನು ಹೀಗಳೆಯಲಾರೆ.

ಅದು ಎಷ್ಟು ತೆಳುವಾದ ಆಸರೆ ಎಂಬುದನ್ನು ಮಾತ್ರ ಈಚಿನ ಫಲಿತಾಂಶಗಳು ತೋರಿಸಿವೆ. 2023ರಲ್ಲಿ ರಾಜ್ಯದ ಎಸ್‌ಎಸ್‌ಎಲ್‌ಸಿ ಫಲಿತಾಂಶ ಶೇ. 83.89 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂತು, ಕೃಪಾಂಕವನ್ನು ಶೇ. 10ರಿಂದ 20ಕ್ಕೆ ಏರಿಸಿದ ಮೇಲೂ ಫಲಿತಾಂಶ ಶೇ. 73.40ಕ್ಕೆ ಇಳಿಯಿತು. 2025ರ ಮೊದಲ ಪರೀಕ್ಷೆಯಲ್ಲಿ ಆ ಕೃಪಾಂಕವೂ ಇಲ್ಲದೆ ಶೇ. 66.14. ಅದಕ್ಕೂ ಮುಂಚಿನ ವರ್ಷಗಳಲ್ಲಿ ಪಾಸಾದವರಲ್ಲಿ ಎಷ್ಟು ಮಂದಿಗೆ ನಿಜವಾಗಿ ಕಲಿಕೆಯಾಗಿತ್ತು ಎಂಬ ಪ್ರಶ್ನೆ ಕೊಠಡಿಯಲ್ಲಿ ಕ್ಯಾಮೆರಾ ಬಂದ ಕೂಡಲೇ ಎದ್ದು ನಿಂತಿತು. ಇನ್ನೊಂದು ಕಡೆ, ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ವ್ಯವಸ್ಥೆ ಬಂದಿರುವುದರಿಂದ ಒಂದೆರಡು ವಿಷಯಗಳಲ್ಲಿ ನಪಾಸಾದ ಮಗು ವರ್ಷ ಕಳೆದುಕೊಳ್ಳದೆ ಮತ್ತೆ ಬರೆಯಬಹುದು. ಮೊದಲ ಪರೀಕ್ಷೆಯ ಉತ್ತರಪತ್ರಿಕೆಯ ಪ್ರತಿಯನ್ನು ತರಿಸಿ, ಅದನ್ನು ಮುಂದಿಟ್ಟುಕೊಂಡು ಎಲ್ಲಿ ತಪ್ಪಿದೆ ಎಂದು ನೋಡಿ ಕಲಿಸುವ ಕೆಲವು ವಾರಗಳ ಪಾಠಕ್ಕೆ ಹಣ ಕೊಡುವುದು, ಇಡೀ ವರ್ಷ ಗುಂಪಿನಲ್ಲಿ ಕೂರಿಸಲು ಕೊಡುವುದಕ್ಕಿಂತ ಮೇಲು ಎಂದು ನನಗೆ ಅನ್ನಿಸುತ್ತದೆ.

ಪಡಸಾಲೆಯ ಪಾಠ

ಎರಡು ವರ್ಷಗಳ ಹಿಂದೆ ನನ್ನ ಅಕ್ಕನ ಮಗಳು ಒಂಬತ್ತನೆಯ ತರಗತಿಗೆ ಬಂದಾಗ ಈ ಪ್ರಶ್ನೆ ನಮ್ಮ ಮನೆಗೇ ಬಂತು. ಊರಿನ ಹೆಸರಾಂತ ಕೇಂದ್ರವೊಂದು ವರ್ಷದ ಶುಲ್ಕವನ್ನು ಒಂದೇ ಕಂತಿನಲ್ಲಿ ಕೇಳಿತ್ತು. (ಹದಿನಾರು ವರ್ಷದೊಳಗಿನವರನ್ನು ಕೋಚಿಂಗ್ ಕೇಂದ್ರಗಳು ಸೇರಿಸಿಕೊಳ್ಳಬಾರದು, ಮಧ್ಯದಲ್ಲಿ ಬಿಟ್ಟವರಿಗೆ ಉಳಿದ ಅವಧಿಯ ಹಣವನ್ನು ಹತ್ತು ದಿನದೊಳಗೆ ಹಿಂದಿರುಗಿಸಬೇಕು ಎಂದು ಕೇಂದ್ರ ಸರ್ಕಾರದ 2024ರ ಮಾರ್ಗಸೂಚಿ ಹೇಳುತ್ತದೆ. ಅದನ್ನು ಜಾರಿಗೆ ತರುವುದು ರಾಜ್ಯಗಳಿಗೆ ಬಿಟ್ಟದ್ದು. ಶುಲ್ಕದ ಕೌಂಟರಿನಲ್ಲಿ ಈ ಮಾತೆತ್ತಿದವರನ್ನು ನಾನು ನೋಡಿಲ್ಲ.) ಅಕ್ಕ ಹಣ ಹೊಂದಿಸಿಯೂ ಇಟ್ಟಿದ್ದಳು. ಅಷ್ಟರಲ್ಲಿ ಪಕ್ಕದ ಓಣಿಯಲ್ಲಿ, ಮದುವೆಗೆ ಮುಂಚೆ ಕೆಲ ಕಾಲ ಪ್ರಾಥಮಿಕ ಶಾಲೆಯಲ್ಲಿ ಕೆಲಸ ಮಾಡಿದ್ದ ಒಬ್ಬರು ಪಡಸಾಲೆಯಲ್ಲಿ ಆರೇಳು ಮಕ್ಕಳಿಗೆ ಮನೆಪಾಠ ಹೇಳುತ್ತಾರೆಂದು ತಿಳಿಯಿತು. ತಿಂಗಳಿಗೆ ಆರುನೂರು ರೂಪಾಯಿ. ಅವರಲ್ಲಿಗೆ ಬರುತ್ತಿದ್ದ ಮಕ್ಕಳೆಲ್ಲ ಮೂರರಿಂದ ಏಳನೆಯ ತರಗತಿಯವರು. ‘ಒಂಬತ್ತನೇದು ನಾನು ತಗೊಳಲ್ಲ ಕಣಮ್ಮ’ ಎಂದು ಅವರು ಮೊದಲು ಒಪ್ಪಲಿಲ್ಲ. ನಾನೇ ಹೋಗಿ, ಒಂಬತ್ತನೆಯದು ಬೇಡ, ಇವಳಿಗೆ ಭಿನ್ನರಾಶಿ ಬರುವುದಿಲ್ಲ, ಅದನ್ನಷ್ಟೇ ಹೇಳಿಕೊಡಿ ಎಂದು ಕೇಳಿದೆ.

ಒಂದು ಸಂಜೆ ಹುಡುಗಿಯನ್ನು ಕರೆತರಲು ಹೋದಾಗ ನೋಡಿದೆ. ಹದಿನಾಲ್ಕು ವರ್ಷದ ಹುಡುಗಿ ಐದನೆಯ ತರಗತಿಯ ಪುಸ್ತಕ ಹಿಡಿದು ಕೂರುವುದೆಂದರೆ ಅವಮಾನ, ಆ ವಯಸ್ಸಿನಲ್ಲಿ ಅದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಆ ಟೀಚರ್ ಇದನ್ನು ಹೇಗೆ ಊಹಿಸಿದ್ದರೋ, ಅವಳ ಕೈಗೆ ಪುಸ್ತಕವನ್ನೇ ಕೊಟ್ಟಿರಲಿಲ್ಲ. ನಾಲ್ಕನೆಯ ಮತ್ತು ಐದನೆಯ ತರಗತಿಯ ಮಕ್ಕಳ ನೋಟ್‌ಪುಸ್ತಕಗಳನ್ನು ಕೊಟ್ಟು ತಿದ್ದಲು ಹೇಳಿದ್ದರು. ಒಬ್ಬ ಹುಡುಗ ಅರ್ಧಕ್ಕೆ ಮೂರನೇ ಒಂದನ್ನು ಕೂಡಿಸಿ ಐದನೇ ಎರಡು ಎಂದು ಬರೆದಿದ್ದ. ನಮ್ಮ ಹುಡುಗಿಯೂ ಅಲ್ಲಿಯವರೆಗೆ ಹಾಗೇ ಬರೆಯುತ್ತಿದ್ದವಳು. ಸರಿ ಎಂದು ಗುರುತು ಹಾಕಿದಳು. ಟೀಚರ್ ಅವಳನ್ನು ಕರೆದು, ‘ಅರ್ಧ ರೊಟ್ಟಿ ತಿಂದ ಮೇಲೆ ಇನ್ನೂ ಸ್ವಲ್ಪ ಹಾಕಿಸ್ಕೊಂಡಾನೆ. ಒಟ್ಟು ಅರ್ಧಕ್ಕಿಂತ ಕಮ್ಮಿ ಹೆಂಗಾತು? ಅವನನ್ನೇ ಕೇಳು’ ಎಂದು ಕಳಿಸಿದರು. ಇವಳು ಹುಡುಗನ ಹತ್ತಿರ ಕೂತಳು. ಇಬ್ಬರೂ ಕಾಗದ ಮಡಚಿ ಆರು ಭಾಗ ಮಾಡಿ ಬಣ್ಣ ಹಚ್ಚಿದರು. ಹುಡುಗನಿಗೆ ಕಲಿಸುತ್ತಿದ್ದೇನೆ ಎಂದುಕೊಂಡೇ ಇವಳು ಕಲಿತಳು. ಮೂರು ತಿಂಗಳು ಅವರು ಅವಳಿಗೆ ಒಂಬತ್ತನೆಯ ತರಗತಿಯ ಒಂದು ಲೆಕ್ಕವನ್ನೂ ಹೇಳಿಕೊಡಲಿಲ್ಲ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಅಂಕ ಏರಲೂ ಇಲ್ಲ. ಅಕ್ಕ ನನ್ನ ಮೇಲೆ ಸಿಟ್ಟಾದಳು, ಹೊಂದಿಸಿಟ್ಟ ಹಣವನ್ನು ಆ ಕೇಂದ್ರಕ್ಕೇ ಕಟ್ಟಿದ್ದರೆ ಚೆನ್ನಾಗಿತ್ತು ಎಂದಳು. ನನ್ನ ಬಳಿ ತೋರಿಸಲು ದೆಹಲಿಯ ಅಧ್ಯಯನವೊಂದೇ ಇತ್ತು, ಅಕ್ಕನಿಗೆ ಅದನ್ನು ಹೇಳುವ ಧೈರ್ಯ ಬರಲಿಲ್ಲ. ವಾರ್ಷಿಕ ಪರೀಕ್ಷೆಯ ಹೊತ್ತಿಗೆ ಗಣಿತದಲ್ಲಿ ನಲವತ್ತು ದಾಟಿತು. ಅದಕ್ಕಿಂತ ಮುಖ್ಯವಾಗಿ, ತರಗತಿಯಲ್ಲಿ ಶಿಕ್ಷಕರು ಹೇಳುವುದು ಅರ್ಥವಾಗತೊಡಗಿದೆ ಎಂದು ಅವಳೇ ಹೇಳಿದಳು.

ಎಲ್ಲ ಪಡಸಾಲೆಗಳಲ್ಲೂ ಇಂಥ ಟೀಚರ್ ಸಿಗುತ್ತಾರೆ ಎಂದು ನಾನು ಹೇಳುತ್ತಿಲ್ಲ. ಮನೆಪಾಠದ ಹೆಸರಿನಲ್ಲಿ ಕೋಲು ಹಿಡಿದು ಮಗ್ಗಿ ಬಾಯಿಪಾಠ ಮಾಡಿಸುವವರೂ ಬೇಕಾದಷ್ಟಿದ್ದಾರೆ. ಸರ್ಕಾರಿ ಶಾಲೆಗಳಲ್ಲಿ ಪರಿಹಾರ ಬೋಧನೆ ಎಂಬುದು ಕಾಗದದ ಮೇಲಾದರೂ ಇದೆ, ಕೋವಿಡ್ ನಂತರದ 2022–23ರಲ್ಲಿ ‘ಕಲಿಕಾ ಚೇತರಿಕೆ’ ಎಂದು ಇಡೀ ವರ್ಷವನ್ನೇ ಹಿಂದಿನ ಕಲಿಕೆಗೆ ಮೀಸಲಿಟ್ಟ ಉದಾಹರಣೆಯೂ ಇದೆ. ಮುತುವರ್ಜಿಯ ಶಿಕ್ಷಕರಿರುವ ಶಾಲೆಯಲ್ಲಿ ಮಗುವಿಗೆ ಹಣ ಕೊಡದೆಯೇ ಇದೇ ನೆರವು ಸಿಗಬಹುದು. ಹಾಗಾಗಿ ಕೇಂದ್ರವೋ ಪಡಸಾಲೆಯೋ ಎಂಬುದಕ್ಕಿಂತ, ಸೇರಿಸುವ ಮೊದಲು ಅಲ್ಲಿನವರು ಮಗುವಿಗೆ ಹಿಂದಿನ ತರಗತಿಗಳ ಒಂದಿಷ್ಟು ಲೆಕ್ಕ ಕೊಟ್ಟು ನೋಡುತ್ತಾರೆಯೇ, ಗುಂಪಿನಲ್ಲಿ ಎಷ್ಟು ಮಕ್ಕಳಿದ್ದಾರೆ, ಆ ಗುಂಪಿಗೆ ಪಾಠ ಮಾಡುವವರು ಯಾರು ಎಂದು ಕೇಳಿ ಎನ್ನುತ್ತೇನೆ. ಮಾಲೀಕರ ಹೆಸರನ್ನಲ್ಲ, ಸಂಜೆ ಆರು ಗಂಟೆಗೆ ಆ ಕೋಣೆಯಲ್ಲಿ ನಿಲ್ಲುವವರ ಹೆಸರನ್ನು.

ಹತ್ತನೆಯ ತರಗತಿ ಆರಂಭವಾಗುವ ಮುಂಚೆ ಆ ಟೀಚರ್ ಅಕ್ಕನನ್ನು ಕರೆಸಿ, ‘ಇನ್ನು ನನ್ನ ಹತ್ರ ಕಳಿಸ್ಬೇಡ್ರಿ. ತ್ರಿಕೋನಮಿತಿ ನನಗೆ ಮರೆತೇ ಹೋಗೇತಿ. ಈಗ ಎಲ್ಲಿಗೆ ಹಾಕಿದ್ರೂ ನಡಿತಾಳೆ’ ಎಂದು ಹೇಳಿ, ಮುಂಗಡವಾಗಿ ಕೊಟ್ಟಿದ್ದ ಒಂದು ತಿಂಗಳ ಹಣವನ್ನೂ ವಾಪಸು ಕೊಟ್ಟರು. ಅಕ್ಕ ಆ ಹೆಸರಾಂತ ಕೇಂದ್ರಕ್ಕೇ ಮತ್ತೆ ಹೋದಳು. ಈ ಬಾರಿ ಪೂರ್ತಿ ವರ್ಷದ ಬ್ಯಾಚ್ ಕೇಳಲಿಲ್ಲ; ಭಾನುವಾರಗಳಂದು ಪರೀಕ್ಷೆ ಬರೆಸಿ ತಿದ್ದಿಕೊಡುವ ಬ್ಯಾಚ್‌ಗೆ ಮಾತ್ರ ಸೇರಿಸಿದಳು. ಹಾಗೆ ಬಿಡಿಯಾಗಿ ಕೊಡುವುದಿಲ್ಲ ಎಂದು ಕೌಂಟರಿನಲ್ಲಿ ಮೊದಲು ಹೇಳಿದರು, ಸ್ವಲ್ಪ ಹೊತ್ತು ಕೂತ ಮೇಲೆ ಕೊಟ್ಟರು.